ಕಸ್ತೂರೆವ್ವನ ಗಾಂಧಾರ

"ತೊಟ್ಟಿಲಾ ಅಕೀದು, ಜೋಗುಳಾ ಅಕೀದು, ಕೂಸಷ್ಟ ಮಂದೀದು."

ಗುಡಗೇರಿಯ ಮಠದ ಓಣಿಯ ಹೆಂಗಸರು ಕಸ್ತೂರೆವ್ವನ ಮಾತು ಬಂದಾಗಲೆಲ್ಲ ಹೀಗೆ ಅನ್ನುತ್ತಿದ್ದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಅಯ್ಯೋ ಪಾಪ ಅನ್ನುವುದನ್ನೂ ಸ್ವಲ್ಪ ಖಾರ ಹಚ್ಚಿಯೇ ಅನ್ನುವ ಓಣಿ ಅದು. ಎದುರು ಮನೆಯ ಅನ್ನವ್ವ ಮಾತ್ರ ತನ್ನದೊಂದು ಸೇರಿಸುತ್ತಿದ್ದಳು: "ಅಕ್ಕ ಬಾಯಿ ತಗದ್ರ ತಮ್ಮನ ಪೇಟಿ ನರಳತದ, ತಮ್ಮ ಪೇಟಿ ತಗದ್ರ ಅಕ್ಕ ಹಾಡತಾಳ. ಇವರಿಬ್ಬರ ನಡುಕ ಆ ಶಿವಗಂಗವ್ವ ಹೆಂಗ ಬಾಳೇ ಮಾಡ್ತಾಳೋ ಯವ್ವಾ!"

ಶಿವಗಂಗವ್ವ ಎಂದರೆ ಕಸ್ತೂರೆವ್ವನ ತಮ್ಮ ಕುಬೇರಪ್ಪನ ಹೆಂಡತಿ. ಅವಳು ಬಾಳೇವು ಮಾಡಿದಳು, ಚೆನ್ನಾಗಿಯೇ ಮಾಡಿದಳು. ಆದರೆ ಇದು ಅವಳ ಕಥೆಯಲ್ಲ.

ಕಸ್ತೂರೆವ್ವ ಮೈನೆರೆದ ವರ್ಷವೇ ಮದುವೆಯಾಗಿ, ಕಲಘಟಗಿ ಸೀಮೆಯ ದೇವಿಕೊಪ್ಪಕ್ಕೆ ಹೋಗಿದ್ದಳು. ಚೊಚ್ಚಲ ಬಸಿರಿಗೆ ಅಪ್ಪ ಕಲಘಟಗಿಯಲ್ಲಿ ಹೇಳಿ ಮಾಡಿಸಿ ಕೊಟ್ಟ ತೊಟ್ಟಿಲು ಅದು. ಕೆಂಪು ಹಳದಿ ಅರಗಿನ ಬಣ್ಣ, ನಾಲ್ಕೂ ಕಡೆ ಗಿಳಿ, ನಡುವೆ ಬಾಲಕೃಷ್ಣ. ಕೂಸು ಅದರಲ್ಲಿ ಒಂದು ಮಳೆಗಾಲವನ್ನೂ ಪೂರ್ತಿ ಮಲಗಲಿಲ್ಲ. ಕೂಸಿನ ಬೆನ್ನಿಗೇ ಗಂಡನೂ ಹೋದ. ಚಕ್ಕಡಿಯಲ್ಲಿ ಒಂದು ಟ್ರಂಕು, ಒಂದು ತೊಟ್ಟಿಲು, ಎರಡರ ನಡುವೆ ಕಸ್ತೂರೆವ್ವ, ಹೀಗೆ ಅವಳು ತವರಿಗೆ ತಿರುಗಿ ಬಂದಾಗ ತಮ್ಮ ಕುಬೇರಪ್ಪನಿಗೆ ತನ್ನ ಚಡ್ಡಿಯ ಗುಂಡಿ ತಾನೇ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವ್ವ ಆಗಲೇ ಇರಲಿಲ್ಲ. ಆ ಗುಂಡಿ ಹಾಕಿದವಳು, ಮೂಗು ಒರೆಸಿದವಳು, ಮುಂದೆ ಅವನಿಗೆ ಹೆಣ್ಣು ನೋಡಿ ತಂದವಳು ಕಸ್ತೂರೆವ್ವನೇ.

ತೊಟ್ಟಿಲನ್ನು ಅಟ್ಟಕ್ಕೆ ಏರಿಸಬೇಕೆಂದು ಎಲ್ಲರೂ ಹೇಳಿದರು. ಅವಳು ಏರಿಸಲಿಲ್ಲ. ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಲಿ, ತೊಟ್ಟಿಲು ಆ ಮನೆಗೆ ಹೋಗುತ್ತಿತ್ತು. ಅದರ ಹಿಂದೆ ಕಸ್ತೂರೆವ್ವ ಹೋಗಿ ಹೆಸರಿಡುವ ದಿನ ಜೋಗುಳ ಹಾಡಿ ಬರುತ್ತಿದ್ದಳು. ಪೇಟಿಯಿಲ್ಲ, ತಬಲಾ ಇಲ್ಲ. ತೊಟ್ಟಿಲಿನ ಹಗ್ಗ ಜೀಕುವಾಗ ತೊಲೆಯ ಕೊಂಡಿ ಗುಂಯ್ ಅನ್ನುತ್ತಿತ್ತಲ್ಲ, ಅಷ್ಟೇ ಶ್ರುತಿ. ಗುಡಗೇರಿಯಲ್ಲಿ ಆ ಕಾಲದಲ್ಲಿ ಹುಟ್ಟಿದವರು ತಮ್ಮ ಹೆಸರನ್ನು ಮೊದಲು ಕೇಳಿದ್ದು ಅವಳ ದನಿಯಲ್ಲಿ.

ಹೀಗೊಂದು ಹೆಸರಿಡುವ ಮನೆಗೆ ಬಂದ ಮಠದ ಹಿರಿಯ ಅಜ್ಜನವರು ಅವಳ ದನಿ ಕೇಳಿ, "ಈ ತಾಯಿ ಸೋಮವಾರ ಮಠದಾಗೂ ಹಾಡ್ಲಿ" ಅಂದುಬಿಟ್ಟರು. ಅಜ್ಜನವರ ಮಾತು ಆದ ಮೇಲೆ ಗಂಡಸರ ಭಜನಿ ಮೇಳದಲ್ಲಿ ಹೆಂಗಸೊಬ್ಬಳು ಹಾಡುವುದಕ್ಕೆ ಯಾರೂ ಅಡ್ಡ ಬರಲಿಲ್ಲ. ಬಲಗಡೆಯ ಕಂಬಕ್ಕೆ ಒರಗಿ, ತಲೆಯ ಮೇಲೆ ಸೆರಗು ಹೊದ್ದು ಅವಳು ತತ್ವಪದ ಎತ್ತಿಕೊಟ್ಟರೆ ಗಂಡಸರು ಹಿಂದಿನಿಂದ ಅದನ್ನು ಹಿಡಿಯುತ್ತಿದ್ದರು. ಕುಬೇರಪ್ಪ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ. ಮಡಿವಾಳೆಪ್ಪನದು ತಬಲಾ. ಮೇಳದ ಯಜಮಾನಿಕೆ ಈರಪ್ಪನದು.

ಈ ಪೇಟಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಕುಬೇರಪ್ಪನ ಸ್ವಂತದ್ದಲ್ಲ. ಒಂದು ಸುಗ್ಗಿಯಲ್ಲಿ ಮೇಳದವರು ಮನೆಮನೆಗೆ ಹೋಗಿ ಜೋಳ ಎತ್ತಿ, ಅದನ್ನು ಮಾರಿ ಹುಬ್ಬಳ್ಳಿಯಿಂದ ತಂದದ್ದು. ಮೊರದಷ್ಟು ಕೊಟ್ಟವರದೂ ಚೀಲ ಕೊಟ್ಟವರದೂ ಅದರಲ್ಲಿ ಪಾಲು ಇತ್ತು. ಮಠದಲ್ಲಿ ಇಲಿ ಕಾಟವೆಂದು ಅದನ್ನು ಕಸ್ತೂರೆವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಕುಬೇರಪ್ಪನ ಪಡಸಾಲೆಯಲ್ಲಿ ಇಡುತ್ತಿದ್ದರು.

ಪೇಟಿ ಬಂದಂದಿನಿಂದಲೇ ಕಸ್ತೂರೆವ್ವನಿಗೆ ಒಂದು ಕುಂದು ಅಂಟಿಕೊಂಡಿತು.

ಈರಪ್ಪನಿಗೆ ಸಂತೆಯಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿ. ಹುಡುಗನಾಗಿದ್ದಾಗ ಒಂದು ನಾಟಕ ಕಂಪನಿಯ ಹಿಂದೆ ಓಡಿಹೋಗಿ, ಅಪ್ಪ ಕಿವಿ ಹಿಡಿದು ಎಳೆತಂದದ್ದರಿಂದ ಸಂಗೀತದಲ್ಲಿ ಅವನ ಮಾತೇ ಕಡೆಯ ಮಾತಾಗಿತ್ತು. ಅವನು ಪದದ ನಡುವೆ ತಾಳ ನಿಲ್ಲಿಸಿ ಅನ್ನುವನು: "ಕಸ್ತೂರೆವ್ವಾ, ಗಾಂಧಾರ ಮತ್ತ ಇಳೀತು ನೋಡವಾ. ಒಂದು ಎಳಿಯಷ್ಟ. ಏರಸು."

ಸರಿಗಮದ ಗ, ಅದೇ ಗಾಂಧಾರ. ಪೇಟಿಯ ನಾಲ್ಕನೆಯ ಕರಿ ಪಟ್ಟಿಯನ್ನು, ಅಂದರೆ ಕರಿ ನಾಲ್ಕನ್ನು, ಷಡ್ಜವಾಗಿ ಹಿಡಿದು ಅವಳು ಹಾಡುತ್ತಿದ್ದಳು. ಅವಳ ಗಾಂಧಾರಕ್ಕೂ ಪೇಟಿಯ ಗಾಂಧಾರಕ್ಕೂ ನಡುವೆ ನಿಜವಾಗಿಯೂ ಒಂದು ಎಳೆಯಷ್ಟು ಸಂದು ಇತ್ತು. ಎರಡೂ ಕೂಡಿದಾಗ ಹಲ್ಲಿಗೆ ಕಲ್ಲು ಸಿಕ್ಕಂತಾಗುವುದು. ಎಲ್ಲರಿಗೂ ಕೇಳಿಸುವುದು. ಕಸ್ತೂರೆವ್ವ ತಲೆ ಬಾಗಿಸಿ, "ಹೌದ್ರಿ ಅಣ್ಣಾ" ಅಂದು ಮತ್ತೆ ಎತ್ತಿಕೊಳ್ಳುವಳು. ಏರಿಸಲು ಹೋದರೆ ದನಿ ಬಿಗಿಯುವುದು, ಪದದ ಜೀವ ಹೋಗುವುದು. ಬಿಟ್ಟರೆ ಮತ್ತೆ ಅದೇ ಎಳೆ. ವರ್ಷಗಟ್ಟಲೆ ಇದೇ ನಡೆಯಿತು. ಮಡಿವಾಳೆಪ್ಪನಂತೂ ಅವಳು ಆ ಜಾಗಕ್ಕೆ ಬರುವಾಗಲೇ ತಬಲಾದ ಮೇಲೆ ಬೇಕೆಂದೇ ಜೋರಾಗಿ ಒಂದು ಪೆಟ್ಟು ಹಾಕುತ್ತಿದ್ದ. "ಮುಚ್ಚಿ ಹಾಕಾಕತ್ತೇನ್ರೆವಾ, ಸಿಟ್ಟಾಗಬ್ಯಾಡ್ರಿ" ಅನ್ನುತ್ತಿದ್ದ. ಗಂಡಸರು ನಗುವರು. ಅವಳೂ ಸೆರಗಿನ ಒಳಗೆ ನಗುವಳು.

ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಕುಬೇರಪ್ಪನಿಗೆ ಒಂದು ವಿಷಯ ಬಗೆಹರಿಯುತ್ತಿರಲಿಲ್ಲ. ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಅಕ್ಕ ಬೇಳೆ ಒಡೆಯಲು ಬೀಸುಕಲ್ಲನ್ನೇ ಹಿಡಿಯುತ್ತಿದ್ದಳು. ಕಲ್ಲು ಒಂದೇ ದನಿಯಲ್ಲಿ ಗುಂಯ್ಗುಡುವಾಗ ಅದರ ಮೇಲೆ ಅವಳು ಹಾಡಿದರೆ, ಆ ಗಾಂಧಾರ ಹಾಲಿನಲ್ಲಿ ಬೆಲ್ಲ ಇಳಿದಂತೆ ಇಳಿಯುತ್ತಿತ್ತು. ಅಲ್ಲಿ ತಪ್ಪದ ಸ್ವರ ಮಠದಲ್ಲಿ ಹೇಗೆ ತಪ್ಪುತ್ತದೆ? ಪೇಟಿಯೇ ಎಲ್ಲೋ ಕೆಟ್ಟಿದೆ, ಇಲಿ ಒಳಗೆ ಹೊಕ್ಕಿರಬೇಕು ಅಂದುಕೊಂಡು ಅವನು ಒಂದು ದಿನ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಸ್ಟೇಶನ್ ಬಾಜೂಕಿನ ಇಮಾಮುದ್ದೀನನ ಹತ್ತಿರ ಹೋದ. ಇಮಾಮುದ್ದೀನ ಛತ್ರಿ, ಸ್ಟೋವ್, ಪೇಟಿ ಎಲ್ಲವನ್ನೂ ರಿಪೇರಿ ಮಾಡುವವನು. ಮೂರಕ್ಕೂ ಒಂದೇ ಚೀಲದ ಸಾಮಾನು.

ಇಮಾಮುದ್ದೀನ ಪೇಟಿಯ ಮುಚ್ಚಳ ತೆಗೆದು, ಒಳಗಿನ ಹಿತ್ತಾಳೆಯ ಸ್ವರಗಳನ್ನು, ಗಾಳಿಗೆ ನಡುಗಿ ದನಿ ಕೊಡುವ ಆ ತೆಳು ನಾಲಿಗೆಗಳನ್ನು, ಒಂದೊಂದಾಗಿ ನೋಡಿದ. ತಿದಿ ಒತ್ತಿ ಕೇಳಿದ.

"ಏನೂ ಆಗಿಲ್ಲಲ್ಲೋ ಕುಬೇರಪ್ಪಣ್ಣಾ. ಕಂಪನಿಯಿಂದ ಹೆಂಗ ಬಂದೇತಿ, ಹಂಗ ಐತಿ."

"ಮತ್ತ ನಮ್ಮ ಅಕ್ಕನ ಗಾಂಧಾರ ಯಾಕ ಇದರಾಗ ಕೂಡವಲ್ದು?"

"ಕೂಡೂದಿಲ್ಲ. ನಿಮ್ಮ ಅಕ್ಕ ಬರೊಬ್ಬರಿ ಅದಾಳ. ಪೇಟಿ ಬರೊಬ್ಬರಿ ಇಲ್ಲ."

"ಈಗ ತಾನ ಏನೂ ಆಗಿಲ್ಲ ಅಂದಿ?"

ಇಮಾಮುದ್ದೀನ ಬೀಡಿ ಹಚ್ಚಿದ. "ಕೇಳಿಲ್ಲೆ. ಸಂತ್ಯಾಗ ಚಪ್ಪಲ ಮಾರ್ತಾರಲ್ಲ, ಅವು ಯಾರ ಕಾಲಿಗೂ ಹೋಗತಾವು, ಯಾರಿಗೂ ಸರಿಯಾಗಿ ಕೂಡೂದಿಲ್ಲ. ಕಂಪನಿ ಪೇಟೀನೂ ಹಂಗ. ಬಿಳಿ ಒಂದರಿಂದ ಹಾಡಾಂವಗೂ ನಡೀಬೇಕು, ಕರಿ ನಾಕರಿಂದ ಹಾಡಾಕಿಗೂ ನಡೀಬೇಕು. ಅದಕ್ಕ ಅವರು ಎಲ್ಲಾ ಸ್ವರದಾಗೂ ಚೂರು ಚೂರು ಮೋಸ ಮಾಡಿ ಹಂಚಿಬಿಟ್ಟಿರ್ತಾರ. ನಿಮ್ಮ ಈರಪ್ಪ ಸಾವಕಾರ ಎಲ್ಲಾ ಚೀಲದಾಗ ಒಂದೊಂದ ಹಿಡಿ ತಗೀತಾನಲ್ಲ, ಹಂಗ. ಯಾವ ಚೀಲಾನೂ ಕಡಿಮಿ ಆದಂಗ ಕಾಣೂದಿಲ್ಲ. ಆದ್ರ ಗಾಂಧಾರದ ಚೀಲದಾಗ ಸ್ವಲ್ಪ ಹೆಚ್ಚಿನ ಮೋಸ ಆಗೇತಿ. ಮಂದಿಗೆ ರೂಢಿ ಆಗೇತಿ, ತಿಳಿಯೂದಿಲ್ಲ. ನಿಮ್ಮ ಅಕ್ಕಗ ರೂಢಿ ಆಗಿಲ್ಲ."

"ಇದಕ್ಕ ಏನರ ಇಲಾಜ?"

"ಕಾಲಿನ ಅಳತಿ ಹಿಡದು ಚಪ್ಪಲ ಹೊಲದಂಗ ಮಾಡಬೇಕು. ಅಕಿ ದನಿ ಕೇಳಕೋತ ಒಂದೊಂದ ಸ್ವರ ಕೆರೀಬೇಕು. ನಾಲಿಗಿ ತುದಿ ಕೆರದ್ರ ದನಿ ಏರತದ, ಬುಡ ಕೆರದ್ರ ಇಳೀತದ. ಅಗದಿ ಅಕಿಗೆ ಕೂಡಂಗ ಮಾಡಿಕೊಡ್ತೀನಿ. ಆದ್ರ ಆಮ್ಯಾಲ ಅದು ಅಕೀ ಪೇಟಿ ಆತು ನೋಡಪಾ. ಮೇಳದವರು ಏನಂತಾರೋ ಕೇಳು."

ಕುಬೇರಪ್ಪ ಕೇಳಲಿಲ್ಲ. ಊರಿನ ಜೋಳ ಬಿದ್ದ ಪೇಟಿಯನ್ನು ನಿನ್ನ ಅಕ್ಕನ ಗಂಟಲಿಗೆ ಕೆರೆಸುತ್ತೀಯಾ ಎಂದು ಈರಪ್ಪ ಕೇಳಿಯಾನೆಂಬ ಅಂಜಿಕೆ. ಅಕ್ಕನಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ಬೇಡವೇ ಬೇಡ ಅನ್ನುವವಳು.

ಅದು ಎಂಬತ್ತಮೂರರ ಶ್ರಾವಣಕ್ಕೆ ಮುಂಚಿನ ಮಾತು. ತಿದಿ ಸೋರುತ್ತಿದೆ ಎಂಬ ನೆವ ಮಾಡಿಕೊಂಡು ಇಮಾಮುದ್ದೀನ ಕುಬೇರಪ್ಪನ ಮನೆಗೆ ಬಂದು ಕಟ್ಟೆಯ ಮೇಲೆ ಪೇಟಿ ಬಿಚ್ಚಿಕೊಂಡು ಕೂತ. ಒಳಗೆ ಕಸ್ತೂರೆವ್ವ ತೊಗರಿ ಒಡೆಯುತ್ತಿದ್ದಳು. ಅಂದು ಎಷ್ಟು ತೊಗರಿ ಒಡೆದಳೆಂದರೆ ಶಿವಗಂಗವ್ವನಿಗೇ ಸಂಶಯ ಬಂತು. "ಅಲ್ರೀ, ನಮ್ಮ ಮನ್ಯಾಗ ಏನರ ಲಗ್ನ ಐತೇನು? ಚೀಲಗಟ್ಲೆ ಬ್ಯಾಳಿ ಯಾಕ ಒಡಸಾಕತ್ತೀರಿ ಅಕ್ಕನ ಕಡೆ?" ಎಂದು ಗಂಡನನ್ನು ಕೇಳಿದಳು. ಕುಬೇರಪ್ಪ ಬೆರಳು ತುಟಿಗಿಟ್ಟ. ಒಳಗೆ ಕಸ್ತೂರೆವ್ವ ಹಾಡುವಳು, ಹೊರಗೆ ಇಮಾಮುದ್ದೀನ ಕಣ್ಣು ಮುಚ್ಚಿ ಕೇಳಿ, ಸಣ್ಣ ಅರದಿಂದ ಎಳೆಯಷ್ಟು ಕೆರೆದು, ಊದಿ, ಮತ್ತೆ ಕೂರಿಸಿ, ಮೆಲ್ಲಗೆ ಒತ್ತಿ ನೋಡುವನು. ನಡುವೆ ಚಹಾ ತಂದುಕೊಟ್ಟ ಕಸ್ತೂರೆವ್ವ ಕೇಳಿದಳು: "ಸಾಬಣ್ಣಾ, ಪೇಟಿಗೆ ಏನ ಜಡ್ಡು?"

"ಗಂಟಲ ನೋವ್ರೆವಾ. ಔಷಧಾ ಹಾಕೀನಿ."

"ನನ್ನ ಗಂಟಲಿಗೂ ಒಂದೀಟ ಹಾಕಿ ಹೋಗಪಾ, ಪುಣ್ಯಾ ಬರತದ."

ಇಮಾಮುದ್ದೀನ ಮತ್ತೆ ಅರ ಕೈಗೆತ್ತಿಕೊಂಡ.

ಶ್ರಾವಣದ ಮೊದಲ ಸೋಮವಾರ. ಕಸ್ತೂರೆವ್ವ ಎಂದಿನಂತೆ ಕಂಬಕ್ಕೆ ಒರಗಿ ಪದ ಎತ್ತಿಕೊಂಡಳು. ಗಾಂಧಾರ ಬರುವ ಜಾಗಕ್ಕೆ ಮಡಿವಾಳೆಪ್ಪ ಕೈ ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು. ದನಿ ಯಾವುದು ಪೇಟಿ ಯಾವುದು ತಿಳಿಯಲಿಲ್ಲ. ಕಲ್ಲು ಇಲ್ಲ, ಸಂದು ಇಲ್ಲ. ಪೇಟಿ ಮೊದಲಿಗಿಂತ ಮೆತ್ತಗಾದಂತೆ, ಆದರೂ ಮಠದ ತುಂಬ ತುಂಬಿಕೊಂಡಂತೆ. ಪದ ಮುಗಿದ ಮೇಲೆ ಈರಪ್ಪ ತಾಳ ಕೆಳಗಿಟ್ಟ. "ಅಂತೂ ತಿದ್ದಿಕೊಂಡಿ ನೋಡವಾ ಕಸ್ತೂರೆವ್ವಾ. ಶಹಬಾಸ! ಹತ್ತು ವರ್ಷ ಹೇಳಿದ್ದಕ್ಕೂ ಸಾರ್ಥಕ ಆತು."

ಮನೆಗೆ ಬರುವ ದಾರಿಯಲ್ಲಿ ಕಸ್ತೂರೆವ್ವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. "ದಿನಾ ಬೀಸುಮುಂದ ಏರಿಸಿ ಏರಿಸಿ ರೂಢಿ ಮಾಡಿಕೊಂಡೆ ತಮ್ಮಾ. ಯಾರಿಗೂ ಹೇಳಿದ್ದಿಲ್ಲ. ಇವತ್ತ ಕೂಡ್ತು" ಅಂದಳು.

ಆ ಹೊತ್ತಿಗೆ ಕುಬೇರಪ್ಪ ಹೇಳಬೇಕಿತ್ತು. ಹೇಳಲಿಲ್ಲ. ಪೇಟಿಯನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿಕೊಂಡು, "ಹೂಂ ಅಕ್ಕಾ" ಅಂದ.

ಮುಂದಿನ ಮೂರು ವರ್ಷ ಗುಡಗೇರಿ ಮೇಳಕ್ಕೆ ಸುಗ್ಗಿ. ಕುಂದಗೋಳದ ಕಡೆಯಿಂದ, ಅಣ್ಣಿಗೇರಿಯಿಂದ ಭಜನೆಗೆ ವೀಳ್ಯ ಬರುತ್ತಿತ್ತು. ಕರಿ ಒಂದರಲ್ಲಿ ಹಾಡುವ ಗಂಡಸರಿಗೂ ಆ ಪೇಟಿ ಹೆಚ್ಚು ಕಡಿಮೆ ಒಗ್ಗಿಕೊಂಡಿತ್ತು. ಒಂದೆರಡು ಕಡೆ ತೊಡರಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಕಸ್ತೂರೆವ್ವ ಈಗ ಕಂಬ ಬಿಟ್ಟು ಒಂದಿಷ್ಟು ಮುಂದೆ ಬಂದು ಕೂರುತ್ತಿದ್ದಳು. ಸೆರಗು ಮೊದಲಿನಂತೆ ಹಣೆಯವರೆಗೆ ಇಳಿಯುತ್ತಿರಲಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಟೈಫಾಯ್ಡ್ ಅಂದರು. ಹುಬ್ಬಳ್ಳಿಯ ಆಸ್ಪತ್ರೆಯಿಂದ ತಿರುಗಿ ಬಂದಾಗ ತಲೆಗೂದಲು ಅರ್ಧ ಉದುರಿತ್ತು. ದನಿ ಇತ್ತು, ಆದರೆ ಇದ್ದ ಜಾಗದಲ್ಲಿ ಇರಲಿಲ್ಲ. ಒಂದೇ ಒಂದು ಪಟ್ಟಿ ಕೆಳಗೆ ಇಳಿದು ಕೂತಿತ್ತು. ಕರಿ ನಾಲ್ಕರಿಂದ ಪಕ್ಕದ ಬಿಳಿ ಐದಕ್ಕೆ.

ಅದರಲ್ಲಿ ಏನು ದೊಡ್ಡ ಮಾತು? ಜ್ವರ ಬಂದವರ ದನಿ ಇಳಿಯುತ್ತದೆ, ವಯಸ್ಸಾದವರ ದನಿ ಇಳಿಯುತ್ತದೆ. ಪೇಟಿಯವನು ಬೆರಳನ್ನು ಒಂದು ಪಟ್ಟಿ ಈಚೆಗೆ ತಂದುಕೊಂಡರೆ ಆಯಿತು. ಪೇಟಿ ಕಂಪನಿಯಿಂದ ಬಂದ ಹಾಗೆಯೇ ಇದ್ದಿದ್ದರೆ ಆಗುತ್ತಿತ್ತು.

ಆ ಶ್ರಾವಣದಲ್ಲಿ ಕುಬೇರಪ್ಪ ಬೆರಳು ಬಿಳಿ ಐದರ ಮೇಲೆ ಇಟ್ಟ. ಷಡ್ಜ ಕೂಡಿತು. ಪಂಚಮ ಕೂಡಿತು. ಅಕ್ಕ ಗಾಂಧಾರಕ್ಕೆ ಬಂದಳು, ಅವನು ಪೇಟಿಯಲ್ಲಿ ಗಾಂಧಾರ ಒತ್ತಿದ. ಕರಿ ನಾಲ್ಕರ ಅಳತೆಯಲ್ಲಿ ಬೇರೆ ಸ್ವರಕ್ಕೆಂದು ಕೆರೆದ ಆ ಪಟ್ಟಿ ಈಗಿನ ಲೆಕ್ಕಕ್ಕೆ ಎಲ್ಲೋ ಮೇಲೆ ನಿಂತಿತ್ತು. ಮೊದಲು ಎಳೆಯಷ್ಟಿದ್ದ ಸಂದು ಈಗ ಬೆರಳು ತೂರುವಷ್ಟಾಗಿತ್ತು. ಮಠದಲ್ಲಿ ಕೂತ ಮಕ್ಕಳೂ ತಿರುಗಿ ನೋಡಿದರು.

"ಇದೇನವಾ?" ಈರಪ್ಪ ತಾಳ ನಿಲ್ಲಿಸಿದ. "ಮತ್ತ ಹಳೇ ಚಾಳೀನ? ಇಳೀತಲ್ಲ! ಏರಸು, ಏರಸು."

ಅವಳು ಏರಿಸಿದಳು. ಸಿಗಲಿಲ್ಲ. ಇನ್ನೂ ಏರಿಸಿದಳು, ದನಿ ಒಡೆಯಿತು. ಕುಬೇರಪ್ಪ ಗಾಬರಿಯಾಗಿ ಕರಿ ನಾಲ್ಕಕ್ಕೆ ಹಾರಿದ. ಅಷ್ಟು ಎತ್ತರಕ್ಕೆ ಅವಳಿಗೆ ಉಸಿರು ಸಾಲಲಿಲ್ಲ. ನಡು ಪದದಲ್ಲಿ ಅವಳು ಹಾಡು ನಿಲ್ಲಿಸಿದಳು. ಸೆರಗನ್ನು ಹಣೆಯ ಕೆಳಗಿನವರೆಗೆ ಎಳೆದುಕೊಂಡು, ಎದ್ದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಅಂದಿನಿಂದ ಕಸ್ತೂರೆವ್ವ ಹಾಡುವುದನ್ನು ಬಿಟ್ಟಳು. ಮಠದಲ್ಲಷ್ಟೇ ಅಲ್ಲ. ಬೇಳೆಯನ್ನು ಗಿರಣಿಗೆ ಕಳಿಸಿದಳು. ಆ ವರ್ಷ ಊರಲ್ಲಿ ಹುಟ್ಟಿದ ಕೂಸುಗಳ ಮನೆಗೆ ತೊಟ್ಟಿಲು ಒಂದೇ ಹೋಯಿತು. "ನೀ ಬರೂದಿಲ್ಲೇನ ಬೇ? ಬರೇ ಕಟಗಿ ಕಳಸತೀಯಲ್ಲ!" ಎಂದು ಅನ್ನವ್ವ ಬಾಗಿಲಲ್ಲಿ ನಿಂತು ಜಗಳವಾಡಿದಳು. "ಗಂಟಲ ಕೆಟ್ಟೈತಿ ಅನ್ನಕ್ಕಾ, ಕೂಸಿಗೆ ಕೆಟ್ಟ ದನಿ ಕೇಳಸಬಾರದು" ಅಂದಳು ಕಸ್ತೂರೆವ್ವ.

ಕುಬೇರಪ್ಪ ಆಗಾಗ ಕೆಣಕಿ ನೋಡಿದ. "ಅಕ್ಕಾ, ನಿನ್ನ ದನಿ ಚೊಲೊ ಐತಿ, ಪೇಟಿ ಬಿಟ್ಟು ಹಾಡಿ ನೋಡು."

"ಪೇಟಿ ಏನ ಸುಳ್ಳ ಹೇಳತದೇನಪಾ? ಅದಕ್ಕ ನಾ ಏನ ಬ್ಯಾರೆ, ನೀ ಏನ ಬ್ಯಾರೆ? ಸರಿ ಆದಾಗ ಸರಿ ಅಂತು, ಕೆಟ್ಟಾಗ ಕೆಟ್ಟಿ ಅಂತು."

ಈ ಮಾತು ಅವನನ್ನು ಮನೆಯಲ್ಲಿ ಕೂರಗೊಡಲಿಲ್ಲ. ಮತ್ತೆ ಪೇಟಿ ಸೈಕಲ್ಲಿಗೆ ಕಟ್ಟಿದ, ಸ್ಟೇಶನ್ನಿಗೆ ಹೋದ. ಈ ಪೇಟಿಯನ್ನು ಬಿಳಿ ಐದಕ್ಕೆ ತಿರುಗಿ ಕೆರೆ ಅಂದ. ಇಮಾಮುದ್ದೀನ ಒಂದು ಸ್ವರ ತೆಗೆದು ಬೆಳಕಿಗೆ ಹಿಡಿದು ತೋರಿಸಿದ. ಹಿತ್ತಾಳೆಯ ನಾಲಿಗೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ತೆಳ್ಳಗಾಗಿತ್ತು.

"ಮದಲ ಕೆರದದ್ದು ಎಳಿಯಷ್ಟ. ಈಗ ಎಳೀಬೇಕಾದ್ದು ಭಾಳ ದೂರ. ಮುರೀತಾವು ಕುಬೇರಪ್ಪಣ್ಣಾ. ಅವತ್ತ ಹೇಳಿದ್ನಿಲ್ಲೋ? ಅಳತಿ ಹಿಡದ ಹೊಲದ ಚಪ್ಪಲ ಕಾಲು ಬಾತ್ರ ಕಚ್ಚತಾವು."

"ಮತ್ತ ನಾ ಏನ ಮಾಡ್ಲಿ?"

"ಪೇಟಿ ಮುಚ್ಚಿ ಇಡು. ಏಕತಾರಿ ಹಿಡಿ. ಒಂದ ತಂತಿ. ಅಕಿ ದನಿ ಎಲ್ಲಿರತದ ಅಲ್ಲಿಗೆ ತಿರುವು, ಉಳಿದ ಸ್ವರ ಅಕಿ ತಾನ ಹುಡುಕತಾಳ." ಆ ಸ್ವರವನ್ನು ತಿರುಗಿ ಕೂರಿಸುತ್ತ ಅಂದ: "ಮದಲ ಅಕಿಗೆ ಖರೇ ಹೇಳು."

ಖರೇ ಹೇಳಲು ಕುಬೇರಪ್ಪನಿಗೆ ಮೆಣಸಿನಕಾಯಿ ಸುಗ್ಗಿ ಬರಬೇಕಾಯಿತು. ಅಂಗಳದಲ್ಲಿ ಒಣಗಿದ ಕಾಯಿಯ ರಾಶಿ. ಅಕ್ಕ ತಮ್ಮ ಎದುರು ಬದುರು ಕೂತು ತೊಟ್ಟು ಮುರಿಯುತ್ತಿದ್ದರು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ಅಳುವವರು ಯಾರು ಎಂದು ತಿಳಿಯದ ಹೊತ್ತು ನೋಡಿ ಅವನು ಎಲ್ಲವನ್ನೂ ಹೇಳಿದ. ಇಮಾಮುದ್ದೀನ ಕಟ್ಟೆಯ ಮೇಲೆ ಕೂತದ್ದು, ತೊಗರಿ ಒಡೆಸಿದ್ದು, ಕೆರೆದದ್ದು, ಈಗ ಕೆರೆಯಲು ಬಾರದ್ದು. "ನಿನ್ನ ದನಿ ಒಂದು ಪಟ್ಟಿ ಇಳದೈತಿ, ಅಷ್ಟ. ಕೆಟ್ಟಿಲ್ಲ. ಅಂದೂ ಕೆಟ್ಟಿದ್ದಿಲ್ಲ, ಇಂದೂ ಕೆಟ್ಟಿಲ್ಲ ಅಕ್ಕಾ" ಅಂದ.

ಕಸ್ತೂರೆವ್ವ ತೊಟ್ಟು ಮುರಿಯುತ್ತಲೇ ಇದ್ದಳು. ಬುಟ್ಟಿ ತುಂಬಿತು. ಅದನ್ನು ಚೀಲಕ್ಕೆ ಸುರಿದು ಬಂದು ಮತ್ತೆ ಕೂತಳು.

"ಹಂಗಾರ ಅವತ್ತ ಈರಪ್ಪ ಶಹಬಾಸ ಅಂದಿದ್ದು ಯಾರಿಗಪಾ? ನನಗೋ, ಸಾಬಣ್ಣನ ಅರಕ್ಕೋ?"

"ನಿನಗ ಅಕ್ಕಾ. ನೀ ಮದಲಿಂದ ಸರಿ ಇದ್ದಿ."

"ಮದಲಿಂದ ಸರಿ ಇದ್ನಿ." ಅವಳು ಆ ಮಾತನ್ನು ತಿರುವಿ ನೋಡಿದಳು. "ಇದನ್ನ ನಂಗ ಅವತ್ತ ಯಾಕ ಹೇಳ್ಲಿಲ್ಲ ನೀ? ಏರಸು ಏರಸು ಅಂದಾಗೆಲ್ಲ ತಲಿ ಬಾಗಿಸಿ ಹೌದ್ರಿ ಅಣ್ಣಾ, ಹೌದ್ರಿ ಅಣ್ಣಾ ಅಂದೆ. ನಿನಗ ಗೊತ್ತಾದ ಮ್ಯಾಲರ ಒಂದ ಮಾತ ಅಂದಿದ್ರ, ಆ ಕಂಬದ ಬುಡಕ ನಾ ತಲಿ ಎತ್ತಿ ಕುಂಡರತಿದ್ನಿ ತಮ್ಮಾ. ನೀ ಪೇಟಿ ತಿದ್ದಿದಿ. ಮಂದಿ ಬಾಯಿ ತಿದ್ದಲಿಲ್ಲ."

"ಊರ ಪೇಟಿ ಅಕ್ಕಾ... ಅಂಜಿದೆ."

"ಹೂಂ. ಅಂಜಿದಿ." ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. "ಈಗ ನನ್ನ ದನಿ ಯಾವುದು, ಅರದ ದನಿ ಯಾವುದು ನಂಗ ತಿಳಿವಲ್ದು. ಹಾಡೂದರ ಮಾತ ತಗೀಬ್ಯಾಡ ಇನ್ನ."

ಅವನು ಮಠದಲ್ಲಿ ಧೂಳು ಹಿಡಿದಿದ್ದ ಏಕತಾರಿಯನ್ನು ತಂದು ಪಡಸಾಲೆಯ ಗೂಟಕ್ಕೆ ತೂಗಿಬಿಟ್ಟ. ಅವಳು ದಿನಾ ಕಸ ಹೊಡೆಯುವಾಗ ಆ ಗೋಡೆಯನ್ನು ಒರೆಸುತ್ತಿದ್ದಳು, ಏಕತಾರಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ತಮ್ಮನಿಗೆ ಬುತ್ತಿ ಕಟ್ಟುತ್ತಿದ್ದಳು, ಬಿಸಿ ರೊಟ್ಟಿ ತಟ್ಟುತ್ತಿದ್ದಳು, ಮಾತಾಡುತ್ತಿದ್ದಳು. ಎಲ್ಲವೂ ಇತ್ತು. ಅವನಿಗೆ ಮಾತ್ರ ಮನೆ ಒಕ್ಕಲು ಬಿಟ್ಟಂತೆ ಅನ್ನಿಸುತ್ತಿತ್ತು.

ಹೀಗಿರುವಾಗ ಅನ್ನವ್ವನ ಮಗಳು ಹಡೆಯಲು ಬಂದಳು. ಅವರ ಮನೆಗೆ ಸುಣ್ಣ ಬಳಿಯುತ್ತಿದ್ದ ಒಂದು ಮಧ್ಯಾಹ್ನ ಕೂಸನ್ನು ತೊಟ್ಟಿಲ ಸಮೇತ ಕಸ್ತೂರೆವ್ವನ ಪಡಸಾಲೆಗೆ ತಂದಿಟ್ಟು ಹೋದರು. ಶಿವಗಂಗವ್ವ ಹೊಲದಲ್ಲಿದ್ದಳು. ಕುಬೇರಪ್ಪ ಜೋಳದ ಕಣಿಕೆಯ ಹೊರೆ ಹೊತ್ತು ಬಂದವನು ಬಾಗಿಲ ಹತ್ತಿರ ಗಕ್ಕನೆ ನಿಂತ.

ಒಳಗೆ ತೊಲೆಯ ಕೊಂಡಿ ಗುಂಯ್ ಅನ್ನುತ್ತಿತ್ತು. ಅದರ ಮೇಲೆ ದನಿ.

ಮೊದಲಿನ ದನಿಯಲ್ಲ ಅದು. ಒಂದು ಪಟ್ಟಿ ಕೆಳಗಿನದು, ಜ್ವರ ಸುಟ್ಟದ್ದು, ಅಂಚು ಸವೆದದ್ದು. ಪದ ಏರುತ್ತ ಏರುತ್ತ ಗಾಂಧಾರಕ್ಕೆ ಬಂತು, ನಿಂತಿತು. ಯಾವ ಪೇಟಿಯ ಯಾವ ಪಟ್ಟಿಯಲ್ಲೂ ಇಲ್ಲದ ಜಾಗದಲ್ಲಿ, ಅಗದಿ ಅದಕ್ಕೇ ಮಾಡಿಟ್ಟ ಜಾಗದಲ್ಲಿ ನಿಂತಿತು. ಹೊರೆ ಇಳಿಸಿದರೆ ಸಪ್ಪಳವಾಗುತ್ತದೆ, ಸಪ್ಪಳವಾದರೆ ಹಾಡು ನಿಲ್ಲುತ್ತದೆ ಎಂದು ಕುಬೇರಪ್ಪ ಹೊರೆಯನ್ನು ತಲೆಯ ಮೇಲೆಯೇ ಇಟ್ಟುಕೊಂಡು ಜೋಗುಳ ಮುಗಿಯುವವರೆಗೆ ಬಿಸಿಲಲ್ಲಿ ನಿಂತ. ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಓಣಿಯ ತುದಿಯವರೆಗೆ ಹಿಂದಕ್ಕೆ ಹೋಗಿ, ಕೆಮ್ಮುತ್ತ, ಕಾಲು ಸಪ್ಪಳ ಮಾಡುತ್ತ ತಿರುಗಿ ಬಂದ.

ಅಕ್ಕ ನೀರಿಗೆ ಹೋದಾಗ ಅವನು ಏಕತಾರಿಯ ಬಿರಡೆ ತಿರುವಿ ತಂತಿಯನ್ನು ಆ ದನಿಗೆ ತಂದಿಟ್ಟ. ಮರುದಿನ ಕಸ ಹೊಡೆಯುತ್ತ ಹೋದವಳು ಗೂಟದ ಹತ್ತಿರ ನಿಂತು ಬೆರಳಿನಿಂದ ತಂತಿಯನ್ನು ಒಮ್ಮೆ ಮೀಟಿದಳು. ಒಳಗೆ ಹಲ್ಲುಜ್ಜುತ್ತಿದ್ದ ಕುಬೇರಪ್ಪನಿಗೆ ಕೇಳಿಸಿತು. ಮತ್ತೆ ಕಸಬರಿಗೆಯ ಸಪ್ಪಳ.

ಈ ಶ್ರಾವಣಕ್ಕೆ ಕೇಳೋಣ, ಈಗ ಬೇಡ, ತಾನೇ ಬರಲಿ ಎಂದು ಅವನು ಕಾದ. ಶ್ರಾವಣ ಬರಲಿಲ್ಲ, ಅಂದರೆ ಅವಳಿಗೆ ಬರಲಿಲ್ಲ. ಕಾರಹುಣ್ಣಿಮೆ ಕಳೆದು ನಾಲ್ಕಾರು ದಿನವಾಗಿತ್ತು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು "ಶಿವಗಂಗಾ, ಎದ್ಯಾಗ ಹಿಡದಂಗಾತು ನೋಡವಾ" ಅಂದು ಗೋಡೆಗೆ ಒರಗಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬರುವಷ್ಟರಲ್ಲಿ ಮುಗಿದಿತ್ತು.

ಮೈ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಪಡಸಾಲೆಯ ಗೋಡೆಗೆ ಅವಳನ್ನು ಕೂಡಿಸಿದರು. ಅಂಗಳದಲ್ಲಿ ಬಾಳೆಕಂಬ ಕಟ್ಟಿ, ಹೆಣವನ್ನು ಕೂಡಿಸಿ ಹೊತ್ತೊಯ್ಯುವ ವಿಮಾನ ಮಾಡುತ್ತಿದ್ದರು. ಭಜನೆಯಿಲ್ಲದೆ ಹೆಣ ಏಳುವುದಿಲ್ಲ. ಮೇಳದವರು ಬಂದು ಸಾಲಾಗಿ ಕೂತರು. ಈರಪ್ಪ ತಾಳ ಕೈಗೆ ತೆಗೆದುಕೊಂಡು, "ಪೇಟಿ ತಗಿಯೋ ಕುಬೇರಪ್ಪಾ" ಅಂದ.

ಕುಬೇರಪ್ಪ ಇಳಕಲ್ ಸೀರೆಯ ಗಂಟನ್ನು ಬಿಚ್ಚಲಿಲ್ಲ. ಗೂಟದಿಂದ ಏಕತಾರಿ ಇಳಿಸಿದ.

"ಪೇಟಿ ಬ್ಯಾಡ್ರಿ ಈರಪ್ಪಣ್ಣಾ. ಅದು ಸುಳ್ಳ ಹೇಳತದ. ಎಲ್ಲಾರೂ ಕೇಳ್ರಿ." ಪಡಸಾಲೆಯಲ್ಲಿ ಇದ್ದವರು, ಬಾಗಿಲಲ್ಲಿ ನಿಂತವರು ಕತ್ತು ಚಾಚಿದರು. "ನಮ್ಮ ಅಕ್ಕನ ಗಾಂಧಾರ ಒಂದ ದಿನಾನೂ ತಪ್ಪಿದ್ದಿಲ್ಲ. ತಪ್ಪಿದ್ದು ಪೇಟಿ. ನಾ ಅದನ್ನ ಕದ್ದು ಅಕಿ ದನಿಗೆ ಕೆರಿಸಿದ್ನಿ. ಅಕಿ ತಿದ್ದಿಕೊಂಡದ್ದಲ್ಲ, ಅಕಿ ತಿದ್ದಿಕೊಳ್ಳೂದು ಏನೂ ಇದ್ದಿಲ್ಲ. ಆಮ್ಯಾಲ ಅಕಿ ದನಿ ಇಳದಾಗ ಮತ್ತ ತಪ್ಪಿದ್ದು ಪೇಟೀನ. ಗೊತ್ತಿದ್ದೂ ನಾ ಬಾಯಿ ಮುಚ್ಚಿಕೊಂಡು ಕುಂತೆ."

"ಊರ ಜ್ವಾಳದ ಪೇಟಿ ಅಲ್ಲೋ ಅದು..." ಎಂದು ಮಡಿವಾಳೆಪ್ಪ ಬಾಯಿ ತೆಗೆದ. ಈರಪ್ಪ ಅವನ ತೊಡೆಯ ಮೇಲೆ ಕೈ ಇಟ್ಟು ಸುಮ್ಮನಾಗಿಸಿದ. ಕಸ್ತೂರೆವ್ವನ ಮುಖವನ್ನು ಬಹಳ ಹೊತ್ತು ನೋಡಿದ. ಇಷ್ಟು ವರ್ಷಗಳಲ್ಲಿ ಸೆರಗಿಲ್ಲದ ಆ ಮುಖವನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಅಕಿ ಕಿವಿ ಇದ್ದಾಗ ಹೇಳಬೇಕಾಗಿತ್ತಲ್ಲೋ ತಮ್ಮಾ," ಅಂದ. ಆಮೇಲೆ, "ಯಾವ ಪಟ್ಟಿ ಇತ್ತು ಅಕೀದು, ಕಡೀಕ?"

ಕುಬೇರಪ್ಪ ತಂತಿ ಮೀಟಿದ.

ಅದು ಗಂಡಸರಿಗೆ ಒಗ್ಗುವ ಪಟ್ಟಿಯಲ್ಲ. ಮೇಲೆ ಹೋದರೆ ಗಂಟಲು ಹರಿಯುತ್ತದೆ, ಕೆಳಗೆ ಬಂದರೆ ದನಿ ಹೂತುಹೋಗುತ್ತದೆ. ಈರಪ್ಪ ಕೆಳಗಿನಿಂದಲೇ ಎತ್ತಿಕೊಂಡ. ತವರಿನ ದಾರಿ ಕೇಳುವ ಹೆಣ್ಣಿನ ಪದ, ಕಂಬಕ್ಕೆ ಒರಗಿ ಅವಳೇ ಎತ್ತಿಕೊಡುತ್ತಿದ್ದದ್ದು. ಗಾಂಧಾರದ ಜಾಗಕ್ಕೆ ಬಂದಾಗ ಅವನ ದನಿ ರೂಢಿಯಂತೆ ಪೇಟಿಯ ಎತ್ತರಕ್ಕೆ ಹೋಯಿತು. ತಂತಿ ಒಪ್ಪಲಿಲ್ಲ. ಅವನು ತಲೆ ಬಾಗಿಸಿ, ಒಂದು ಎಳೆ ಇಳಿಸಿ, ಮತ್ತೆ ಹಿಡಿದ.

ವಿಮಾನ ಸಿದ್ಧವಾಗಿದೆ ಎಂದು ಹೊರಗಿನಿಂದ ಕೂಗಿದರು. ನಾಲ್ವರು ಅವಳನ್ನು ಕೂತ ಭಂಗಿಯಲ್ಲಿಯೇ ಹಲಗೆಯ ಮೇಲೆ ಎತ್ತಿದರು. ಹಳೆಯ ಮನೆ, ಗಿಡ್ಡ ಬಾಗಿಲು. ಹೊಸ್ತಿಲ ಹತ್ತಿರ ಬಂದಾಗ ಚೌಕಟ್ಟಿನ ಮೇಲಿನ ಪಟ್ಟಿಗೆ ತಲೆ ತಾಗುವಂತಾಯಿತು.

"ತಲಿ ಒಂದೀಟ ಬಗ್ಗಸ್ರೋ," ಅಂದರು ಯಾರೋ. ಒಬ್ಬ ಕೈ ಚಾಚಿದ.

"ಬ್ಯಾಡ!" ಕುಬೇರಪ್ಪ ಏಕತಾರಿ ಹಿಡಿದುಕೊಂಡೇ ಅಡ್ಡ ಬಂದ. "ಅಕಿ ತಲಿ ಮುಟ್ಟಬ್ಯಾಡ್ರಿ. ನೀವು ಬಗ್ಗ್ರಿ."

ಹೊತ್ತವರು ಮುಖ ಮುಖ ನೋಡಿಕೊಂಡರು. ಆಮೇಲೆ ಮೊಣಕಾಲು ಮಡಚಿದರು, ಇನ್ನಷ್ಟು ಮಡಚಿದರು, ನೆಲಕ್ಕೆ ಕೂತಂತೆಯೇ ಆಗಿ ಒಂದೊಂದು ಹೆಜ್ಜೆ ತೆವಳಿದರು. ಎದುರು ಕಟ್ಟೆಯ ಮೇಲೆ ಅನ್ನವ್ವ ಮೊಮ್ಮಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಒಳಗೆ ಸೀರೆಯ ಗಂಟಿನಲ್ಲಿ ಪೇಟಿ ಮುಚ್ಚಿದ್ದು ಮುಚ್ಚಿದಂತೆ ಇತ್ತು. ತಂತಿಯ ಒಂದೇ ದನಿ ಮುಂದೆ, ಗಂಡಸರ ಹೂತ ದನಿ ಹಿಂದೆ, ನಡುವೆ ಕಸ್ತೂರೆವ್ವ ತಲೆಯನ್ನು ನೆಟ್ಟಗೆ ಎತ್ತಿಕೊಂಡು ಆ ಗಿಡ್ಡ ಬಾಗಿಲನ್ನು ದಾಟಿ ಬಿಸಿಲಿಗೆ ಬಂದಳು.